ಅಕ್ಕ ಉತ್ತರಕ್ಕೆ ಕಾಯುವ ಹೊತ್ತು

ನನ್ನ ಗಂಡನ ಅಕ್ಕ ಟಿವಿಯಲ್ಲಿ ಶಾಲೆ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾಳೆ. ಬೆಳಿಗ್ಗೆ ಟೀಚರುಗಳು ತರಗತಿಯ ಟಿವಿ ಹಾಕಿ ಮಕ್ಕಳನ್ನು ಅವಳ ಮುಂದೆ ಕೂರಿಸುತ್ತಾರೆ. ಅವಳು ಪ್ರಶ್ನೆ ಕೇಳುತ್ತಾಳೆ, ಮಕ್ಕಳು ಉತ್ತರ ಹೇಳಲೆಂದು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಾಳೆ, ಆಮೇಲೆ "ಭೇಷ್!" ಎನ್ನುತ್ತಾಳೆ. ವರ್ಷಗಟ್ಟಲೆ ಹೀಗೇ ಮಾಡಿ ಮನೆಯಲ್ಲೂ ಅದೇ ಚಾಳಿ. "ಅಡುಗೆಗೆ ಉಪ್ಪು ಹಾಕಿದ್ಯೇನೇ?" ಎಂದು ಕೇಳಿ ನನ್ನ ಮುಖವನ್ನೇ ನೋಡುತ್ತಾಳೆ. "ಅಯ್ಯೋ, ಮರೆತೆ ಅಕ್ಕ" ಎಂದರೂ ಭೇಷೇ.

ಕಳೆದ ವಾರ ಅಕ್ಕ ಊಟ ಮುಟ್ಟಲಿಲ್ಲ. ಟಿವಿ ಆಫೀಸಿನ ಹೊಸ ಅಧಿಕಾರಿ, ಪ್ರಶ್ನೆ ಕೇಳಿದ ಮೇಲಿನ ಆ ಮೌನವನ್ನೆಲ್ಲ ಕತ್ತರಿಸಿ ಮ್ಯೂಸಿಕ್ ತುಂಬಿಸಿ ಎಂದರಂತೆ.

"ನಾನೇ ಬಡಬಡ ಅಂತ ಹೇಳ್ತಾ ಹೋದ್ರೆ ಮಕ್ಕಳು ಯೋಚ್ನೆ ಮಾಡೋದು ಯಾವಾಗ? ಹಂಗಾದ್ರೆ ನಾನು ಪಾಠಾನೇ ಮಾಡಲ್ಲ!" ಎಂದಳಂತೆ ಅಕ್ಕ.

"ಟಿವಿಗೆ ಯಾರ್ರೀ ಉತ್ತರ ಕೊಡ್ತಾರೆ?" ಎಂದು ಅವರು ನಕ್ಕರಂತೆ. "ನಮ್ಮನೆಗೆ ಬನ್ನಿ, ತೋರಿಸ್ತೀನಿ" ಎಂದುಬಿಟ್ಟಿದ್ದಳು.

ಇಷ್ಟು ಧೈರ್ಯ ನನ್ನ ಮೂರು ವರ್ಷದ ಮಗಳನ್ನು ನಂಬಿಕೊಂಡು. ಟಿವಿಯೊಳಗಿನ ತನ್ನ ಅತ್ತೆ ಏನು ಕೇಳಿದರೂ ಇವಳು ದಿನಾ "ಬೆಕ್ಕು" ಎನ್ನುತ್ತಾಳೆ. ಅತ್ತೆ ಭೇಷ್ ಎನ್ನುತ್ತಾಳೆ. ಇಬ್ಬರಿಗೂ ಸಮಾಧಾನ.

ಇವತ್ತು ಅಧಿಕಾರಿ ಬಂದರು. ಮಗಳ ಮುಖ ತೊಳೆದು, ಮೂಗು ಒರೆಸಿ, ಟಿವಿ ಮುಂದೆ ಕೂರಿಸಿದೆ. ಹೊಸಬರನ್ನು ಕಂಡದ್ದೇ ತಡ, ಬಂದು ನನ್ನ ಬೆನ್ನಿಗೆ ಅಂಟಿಕೊಂಡಳು.

"ಮೂರು ಲೋಟ ಇಟ್ಟೆ. ಇನ್ನೂ ನಾಲ್ಕು ಇಟ್ಟೆ. ಈಗ ಎಷ್ಟಾಯಿತು?" ಎಂದು ಕೇಳಿ ಟಿವಿಯೊಳಗಿನ ಅಕ್ಕ ನಗುತ್ತಾ ನಿಂತಳು. ಸೋಫಾದ ಮೇಲಿನ ಅಕ್ಕ ನಗಲಿಲ್ಲ.

"ಹೇಳು ಪುಟ್ಟಾ," ಎಂದು ಪಿಸುಗುಟ್ಟಿದೆ. ಮಗಳು ಬೆರಳನ್ನು ಬಾಯಿಗಿಟ್ಟುಕೊಂಡಳು.

"ಏಳು," ಎಂದರು ಅಧಿಕಾರಿ.

"ಭೇಷ್!" ಎಂದಿತು ಟಿವಿ.

ಅಧಿಕಾರಿ ಅಂಗಿ ಸರಿಮಾಡಿಕೊಂಡು ನೆಟ್ಟಗೆ ಕೂತರು. ಮುಂದಿನ ಪ್ರಶ್ನೆ ಬರುವ ಹೊತ್ತಿಗೆ ಕಾಫಿಯನ್ನು ಪಕ್ಕಕ್ಕಿಟ್ಟಿದ್ದರು. ಕಳೆಯುವ ಲೆಕ್ಕದಲ್ಲಿ ಅವಸರಪಟ್ಟು ತಪ್ಪು ಹೇಳಿದರು. ಅದಕ್ಕೂ ಭೇಷ್ ಸಿಕ್ಕಿತು.

ಹೊರಡುವಾಗ ಬಾಗಿ ಶೂ ದಾರ ಕಟ್ಟಿಕೊಳ್ಳುತ್ತಾ, ಯಾರ ಮುಖವನ್ನೂ ನೋಡದೆ, "ಮೇಡಂ, ಅದು ಹಂಗೇ ಇರ್ಲಿ. ಮ್ಯೂಸಿಕ್ ಬೇಡ" ಎಂದರು.

ಅಕ್ಕ ಸ್ವಲ್ಪ ಹೊತ್ತು ಸುಮ್ಮನೆ ನಿಂತಳು. ಆಮೇಲೆ "ಭೇಷ್" ಎಂದಳು.

ಬಾಗಿಲು ಹಾಕಿದ ಮೇಲೆ ನನ್ನ ಬೆನ್ನ ಹಿಂದಿನಿಂದ "ಬೆಕ್ಕು" ಎಂದು ಕೇಳಿಸಿತು.