ಉಳವಿಯ ಬತ್ತಿಗೆ ಯಾವ ಹತ್ತಿ?

ಮೊನ್ನೆ ಭಾನುವಾರ ತೇರಗಾಂವಕ್ಕೆ ಹೋದರೆ ನಮ್ಮ ಚಿಗವ್ವ ಮುಖ ಊದಿಸಿಕೊಂಡು ಕೂತಿದ್ದಳು. ಎದುರಿಗೆ ಬುಟ್ಟಿ ತುಂಬ ಹತ್ತಿ, ಪಕ್ಕದಲ್ಲಿ ಅರ್ಧಕ್ಕೇ ಬಿಟ್ಟ ಬತ್ತಿಗಳು.

ಮೊಣಕಾಲಿನ ಆಪರೇಷನ್ ಚೆನ್ನಾಗಿ ಆದರೆ ಸ್ವಂತ ಹೊಲದ ಹತ್ತಿಯಿಂದ ಬತ್ತಿ ಹೊಸೆದು ಉಳವಿ ದೇವರ ಗುಡಿಗೆ ಕೊಡುತ್ತೇನೆ ಅಂತ ಅವಳು ಹರಕೆ ಹೊತ್ತಿದ್ದಳು. ಕಾಲು ನೆಟ್ಟಗಾಯಿತು. ನಾನು ಹೋದ ಮರುದಿನ ಬೆಳಿಗ್ಗೆ ಊರಿನ ಜೀಪು ಉಳವಿಗೆ ಹೊರಡುವುದಿತ್ತು.

ಅಷ್ಟರಲ್ಲಿ ಪಕ್ಕದ ಮನೆಯ ಶಾಂತಕ್ಕ ಮೊಬೈಲಿನಲ್ಲಿ ಏನೋ ವಿಡಿಯೋ ನೋಡಿ ಬಂದು ಹುಳಿ ಹಿಂಡಿದ್ದಳು.

"ನಿಮ್ದು ಬಿಟಿ ಹತ್ತಿ ಅಲ್ಲೇನ? ಅದರಾಗ ಯಾವುದೋ ಕ್ರಿಮಿದು ಅಂಶ ಸೇರಿಸಿರ್ತಾರಂತ. ದೇವರ ಮುಂದ ಹೆಂಗ ಹಚ್ಚತೀ?"

ನಾನು ದಾಂಡೇಲಿಯಲ್ಲಿ ಹೈಸ್ಕೂಲು ಸೈನ್ಸ್ ಟೀಚರು. ಹಾಗಾಗಿ ತೀರ್ಪು ಕೊಡುವ ಕೆಲಸ ನನ್ನ ಕುತ್ತಿಗೆಗೆ ಬಂತು.

ನಾನೂ ಹುಮ್ಮಸ್ಸಿನಲ್ಲಿ ಶುರುಮಾಡಿದೆ. ಅದು ಮಣ್ಣಿನಲ್ಲೇ ಇರುವ ಸೂಕ್ಷ್ಮಾಣುವಿನ ಜೀನ್, ಕಾಯಿಕೊರಕ ಹುಳ ತಿಂದರೆ ಸಾಯಲಿ ಅಂತ ಸೇರಿಸುತ್ತಾರೆ, ಬತ್ತಿಗೇನೂ ಆಗುವುದಿಲ್ಲ ಅಂದೆ. ಆದರೆ ಪ್ರತಿವರ್ಷ ಬೀಜಕ್ಕೆ ಕಂಪನಿಯ ಮುಂದೆಯೇ ನಿಲ್ಲಬೇಕಲ್ಲ, ಬೀಜ ಯಾರ ಕೈಯಲ್ಲಿರಬೇಕು ಅನ್ನುವುದೇ ನಿಜವಾದ ಪ್ರಶ್ನೆ ಅಂತಲೂ ಅಂದೆ...

ಸ್ಟಾಫ್‌ರೂಮಿನಲ್ಲಿ ಈ ಭಾಷಣಕ್ಕೆ ಎಲ್ಲರೂ ತಲೆದೂಗುತ್ತಾರೆ. ಚಿಗವ್ವ ಆಕಳಿಸಿದಳು.

"ನಾ ಹೌದೋ ಅಲ್ಲೋ ಕೇಳಿದ್ನಿ. ನೀ ಎರಡೂ ಹೇಳಿದಿ."

ಮಾತು ಕೇಳಿಸಿಕೊಂಡು ಶಾಂತಕ್ಕ ಮತ್ತೆ ಬಂದಳು. ಚಿಗವ್ವ ಕಾಯುತ್ತಲೇ ಇದ್ದಳು.

"ನೀ ಉಟ್ಟ ಸೀರಿ ಯಾವ ಹತ್ತಿದು? ನಮ್ಮ ಎಮ್ಮಿ ಇದs ಹತ್ತಿಕಾಳು ತಿಂತೈತಿ. ಅದರ ಮಜ್ಜಿಗಿ ದಿನಾ ಒಯ್ಯತೀಯಲ್ಲ?"

"ಅದು ನನ್ನ ಹೊಟ್ಟಿ. ಇದು ದೇವರು."

ಚಿಗವ್ವ ಹತ್ತಿಯ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು. ಅಂಗಡಿಯ ಹತ್ತಿ ತರೋಣವೆಂದರೆ ಅದೂ ಬಿಟಿಯೇ ಇರುತ್ತದೆ, ಮೇಲಾಗಿ ಹರಕೆ ಇದ್ದದ್ದು ಸ್ವಂತ ಹೊಲದ ಹತ್ತಿಗೆ. ಅವಳ ಮುಖ ನೋಡಿ ನನಗೆ ನಿಜಕ್ಕೂ ಸಂಕಟವಾಯಿತು.

ಆಗ ನೆನಪಾಯಿತು. ಈಗೀಗ ಬಿಟಿ ಪಾಕೀಟಿನಲ್ಲೇ ಒಂದಿಷ್ಟು ಸಾದಾ ಬೀಜವನ್ನೂ ಬೆರೆಸಿರುತ್ತಾರೆ. ಹುಳಗಳು ಅಲ್ಲಿ ತಿಂದುಂಡು ಇರಲಿ, ಎಲ್ಲವೂ ಆ ವಿಷಕ್ಕೆ ಒಗ್ಗಿಕೊಳ್ಳದಿರಲಿ ಅಂತ.

ಅಂದರೆ ಚಿಗವ್ವನ ಹೊಲದಲ್ಲೇ ಎಲ್ಲೋ ಸಾದಾ ಹತ್ತಿ ನಿಂತಿದೆ. ಆದರೆ ಯಾವ ಗಿಡ? ನೋಡಲು ಎಲ್ಲವೂ ಒಂದೇ ಥರ ಅಂದೆ.

"ಹುಳಾ ಹತ್ತಿದ್ದು ಸಾದಾ ಗಿಡ," ಅಂತ ಚಿಗವ್ವ ಎದ್ದೇಬಿಟ್ಟಳು. "ನಡೀರಿ, ಹುಳಾ ಹುಡುಕೂಣು."

ನಾವು ಮೂವರೂ ಹೊಲಕ್ಕೆ ಇಳಿದೆವು. ಹೊಲದಲ್ಲಿ ಹುಳ ಕಂಡು ರೈತರು ಖುಷಿಪಟ್ಟಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಮೊದಲ ಸಾಲಿನಲ್ಲೇ ತೂತು ಬಿದ್ದ ಕಾಯಿ ಸಿಕ್ಕಿತು. "ಸಿಕ್ತು ನೋಡು ನನ್ನ ಬಂಗಾರ," ಅಂತ ಚಿಗವ್ವ ಅದನ್ನು ಸೆರಗಿಗೆ ಹಾಕಿಕೊಂಡಳು.

ಪಕ್ಕದ ಗಿಡದಲ್ಲೂ ತೂತು. ಅದರ ಪಕ್ಕದ್ದರಲ್ಲೂ... ಆಚೆ ಸಾಲಿನಿಂದ ಶಾಂತಕ್ಕ ಕೂಗಿದಳು, "ಇಲ್ಲೂ ಐತ್ಯವ್ವ." ಯಾವ ಕಾಯಿ ಬಿಡಿಸಿದರೂ ಒಳಗೆ ಗುಲಾಬಿ ಬಣ್ಣದ ಹುಳ ಹಾಯಾಗಿ ಮಲಗಿದೆ.

ಈ ಹುಳ ಬಿಟಿಗೂ ಒಗ್ಗಿಕೊಂಡಿದೆ ಅಂತ ಮಕ್ಕಳಿಗೆ ಪಾಠ ಹೇಳುವವಳು ನಾನೇ. ಹುಡುಕುವ ಹುರುಪಿನಲ್ಲಿ ನನಗೇ ಮರೆತಿತ್ತು ಅಂತ ಒಪ್ಪಿಕೊಂಡೆ.

ಇನ್ನೇನು ಚಿಗವ್ವ ಅಳುತ್ತಾಳೆ ಅಂದುಕೊಂಡೆ. ಅವಳು ಬದುವಿನ ಮೇಲೆ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಹುಳಾನs ಭೇದ ಮಾಡಲಿಲ್ಲ ಶಾಂತಾ. ಉಳವಿ ದೇವರು ಮಾಡ್ತಾನೇನು?"

ಶಾಂತಕ್ಕ ಪಕ್ಕದಲ್ಲಿ ಕೂತು ಚಿಗವ್ವನ ಸೆರಗಿನಲ್ಲಿದ್ದ ಕಾಯಿಗಳಿಂದ ಹತ್ತಿ ಬಿಡಿಸತೊಡಗಿದಳು.

ಬೀಜದ ಬಗ್ಗೆ ನನ್ನ ಸಿಟ್ಟು ಹಾಗೆಯೇ ಇದೆ. ಆದರೆ ಸೋಮವಾರ ಬೆಳಿಗ್ಗೆ ಚಿಗವ್ವ ಬತ್ತಿಯ ಗಂಟು ಹಿಡಿದು ಜೀಪಿನ ಹತ್ತಿರ ನೆಟ್ಟಗೆ ನಡೆದು ಹೋಗಿದ್ದು ನೋಡಿ ಬಹಳ ಖುಷಿಯಾಯಿತು.

ಜೀಪು ಹೊರಡುವಾಗ ಶಾಂತಕ್ಕ ಓಡಿ ಬಂದು ಇನ್ನೊಂದು ಗಂಟು ಕೊಟ್ಟಳು. "ನಮ್ಮ ಹೊಲದ್ದೂ ಇರಲಿ."

ಅವಳ ಹೊಲದ್ದೂ ಬಿಟಿಯೇ.

ನಿಮ್ಮ ಮನೆ ದೇವರ ಮುಂದೆ ಉರಿಯುವ ಬತ್ತಿ ಯಾವ ಹತ್ತಿಯದು, ಯಾವತ್ತಾದರೂ ಕೇಳಿದ್ದೀರಾ?