ನೋಡದೆ ಬರೆದ ಏಳೂವರೆ

ನೋಡದೆ ಆಡಿದ ಮಾತು ನಿಜವಾಗುತ್ತದೆ ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳಾದರೂ ಅಷ್ಟು ಬುದ್ಧಿ ನನಗಿತ್ತು. ಈಗ ನಗುವುದಿಲ್ಲ.

ಆಗಿನ್ನೂ ನಿಜಾಮರ ಕಾಲ. ನನ್ನ ಅಣ್ಣ ಗುಲಬರ್ಗಾದ ಕಾಲೇಜಿನಲ್ಲಿ ಮಾಸ್ತರ. ಹುಡುಗರಿಂದ ಆಕಾಶ ನೋಡಿಸಿ ಸಂಶೋಧನೆ ಮಾಡಿಸಬೇಕಾದ ಮಾಸ್ತರರು ಮೊದಲು ತಾವೇ ಕಲಿಯಲಿ ಎಂದು ಅವನನ್ನೂ ಅವನ ಗೆಳೆಯ ಜೇವರ್ಗಿಯ ಭೀಮರಾಯ ಮಾಸ್ತರರನ್ನೂ ಹೈದರಾಬಾದಿಗೆ ಕರೆಸಿ ತರಬೇತಿ ಕೊಟ್ಟಿದ್ದರು. ಬೇಸಿಗೆ ರಜೆಯಲ್ಲಿ ಇಬ್ಬರೂ ತಮ್ಮ ತಮ್ಮ ಊರಿನಿಂದ ಒಂದೇ ನಕ್ಷತ್ರವನ್ನು ದಿನಾ ದುರ್ಬೀನಿನಲ್ಲಿ ನೋಡಿ, ಅದರ ಬೆಳಕನ್ನು ಅಂಕಿಯಲ್ಲಿ, ನೋಡಿದ ವೇಳೆಯ ಜೊತೆ, ವಹಿಯ ಹಾಳೆಯಲ್ಲಿ ಬರೆದು ಹೈದರಾಬಾದಿನಲ್ಲಿ ಒಪ್ಪಿಸಬೇಕು. ಬೆಳಕು ಕುಂದಿದರೆ ಅಂಕಿ ಏರುತ್ತದೆ. ನಿಂಬರ್ಗಾದ ನಮ್ಮ ಮಾಳಿಗೆಯಿಂದ ಅದು ದಿನಾ ಆರೇ ಇತ್ತು. ಯಾವಾಗ ಮಂಕಾದೀತೋ ಯಾರೂ ಹೇಳಲಾರರು ಎನ್ನುತ್ತಿದ್ದ ಅಣ್ಣ. ನನಗೂ ನೋಡಲು ಕಲಿಸಿದ್ದ.

ಒಂದು ದಿನ ಅವನು ಕನ್ಯೆ ನೋಡಲು ಅಫಜಲಪುರಕ್ಕೆ ಹೊರಟ. "ದುರ್ಬೀನು ಬಿಟ್ಟು ಹೊಂಟಿ, ಕನ್ಯಾ ಹ್ಯಾಂಗ ಕಾಣ್ತಾಳ?" ಎಂದೆ.

"ಬಾಯಿ ಸಾಕು ಬೇ. ನೋಡಿದಷ್ಟ ಬರಿ. ಕಾಣಲಿಲ್ಲಂದ್ರ ಖಾಲಿ ಬಿಡು. ಖಾಲಿ ಹಾಳಿ ಸುಳ್ಳ ಹೇಳಂಗಿಲ್ಲ."

ಆ ಸಂಜೆ ನಾನು ನೆರೆಮನೆಯಲ್ಲಿ ಶಾವಿಗೆ ಹೊಸೆಯುತ್ತ ಹರಟೆಗೆ ಕೂತೆ. ಮಾಳಿಗೆ ಹತ್ತಲೇ ಇಲ್ಲ. ಮುಂಜಾನೆ ಅಂಜಿಕೆಯಾಯಿತು. ಮತ್ತೆ ಆರು ಎಂದು ಬರೆದರೆ ನೋಡದೆ ಹಿಂದಿನ ದಿನದ್ದನ್ನೇ ನಕಲು ಮಾಡಿದ್ದಾಳೆ ಎಂದು ಅಣ್ಣ ಸುಳ್ಳು ಹಿಡಿಯುತ್ತಾನೆ ಎನಿಸಿ, ಏಳೂವರೆ ಎಂದು ಬರೆದೆ. ನೋಡಿದ ವೇಳೆ ರಾತ್ರಿ ಎಂಟು ಗಂಟೆ ಹದಿನೇಳು ನಿಮಿಷ ಎಂದೂ ಸೇರಿಸಿದೆ.

ಅಣ್ಣ ಮರುದಿನ ಬಂದು ದುರ್ಬೀನಿಗೆ ಕಣ್ಣಿಟ್ಟ. ನಕ್ಷತ್ರ ನಿಜವಾಗಿ ಮಂಕಾಗಿತ್ತು. "ನನಗಿಂತ ಮೊದಲ ನೀ ಹಿಡದಿ ನೋಡು" ಎಂದು ತಲೆ ಸವರಿದ. ಎರಡು ದಿನದ ಮೇಲೆ ಭೀಮರಾಯ ಮಾಸ್ತರರ ಕಾರ್ಡು ಬಂತು. ನಾನು ಮಾಳಿಗೆ ಹತ್ತದ ಅದೇ ಸಂಜೆ ಅವರು ನೋಡಿದ್ದರು. ಏಳೂವರೆ, ಎಂಟು ಗಂಟೆ ಹದಿನೇಳು ನಿಮಿಷ.

ಹೈದರಾಬಾದಿನಲ್ಲಿ ಯಾರೂ ನಂಬಲಿಲ್ಲ. ನಿಮಿಷ ಸಹ ತಾಳೆಯಾಗಿದೆ, ಅಣ್ಣ ಗೆಳೆಯನ ಕಾರ್ಡು ನೋಡಿ ಬರೆದಿದ್ದಾನೆ ಎಂದರು. ಹಾಗೆ ಮೊದಲು ಅಂದವರು ಭೀಮರಾಯ ಮಾಸ್ತರರೇ. ಹುಡುಗರ ತಂಡ ನಡೆಸುವವರ ಪಟ್ಟಿಯಿಂದ ಅಣ್ಣನ ಹೆಸರು ಹೋಯಿತು.

ಮನೆಗೆ ಬಂದವನು ಅಂಗಿ ಸಹ ಬಿಚ್ಚದೆ ಕೇಳಿದ. "ನನ್ನ ತಂಗಿ ನೋಡ್ಯಾಳ ಅಂತ ಆಣಿ ಮಾಡಿ ಬಂದೇನಿ. ನೋಡಿದ್ದಿ ಹೌದಿಲ್ಲ?"

"ನೋಡೀನಿ ಅಣ್ಣಾ" ಎಂದೆ.

ಅವನು ಮತ್ತೆ ಕೇಳಲಿಲ್ಲ, ವಹಿಯನ್ನು ನನ್ನ ಕೈಗೆ ಕೊಡಲೂ ಇಲ್ಲ. ಅವನು ತೀರಿಕೊಂಡ ಮೇಲೆ ಅದನ್ನು ತೆರೆದು ನೋಡಿದೆ. ಆಮೇಲಿನ ಅಷ್ಟೂ ವರ್ಷ, ಆ ನಕ್ಷತ್ರ ಕಂಡ ದಿನಗಳಲ್ಲೆಲ್ಲ, ಎಂಟು ಹದಿನೇಳಕ್ಕೇ ನೋಡಿದ್ದಾನೆ. ಪರೀಕ್ಷಿಸಿದ್ದು ನಕ್ಷತ್ರವನ್ನೋ ನನ್ನನ್ನೋ ತಿಳಿಯದು. ನಾನು ನೋಡದ ಅಂಕಿ, ಕೇಳದ ನಿಮಿಷ ನನ್ನ ಕೈಗೆ ಹೇಗೆ ಬಂದವು ಎಂಬುದಂತೂ ಇವತ್ತಿಗೂ ತಿಳಿದಿಲ್ಲ. ಖಾಲಿ ಬಿಟ್ಟಿದ್ದರೆ ಸಾಕಿತ್ತು.