ಸೀಟಿನ ಅಳತೆ

ಅಪ್ಪನ ಕಾರಿನ ಟಾಪು ಕತ್ತರಿಸಲು ಒಪ್ಪಿದವಳು ನಾನೇ. ಅಣ್ಣ ಇದನ್ನು ಈಗಲೂ ಎತ್ತಿ ಆಡುತ್ತಾನೆ, ಮತ್ತು ಅದು ನಿಜ. ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ವಿಶ್ವವಿದ್ಯಾಲಯದ ದಿನಗಳಿಂದ ಡೈರಿ ಬರೆದುಕೊಂಡು ಬಂದಿರುವುದು ಅದಕ್ಕೇ. ಡೈರಿಯಲ್ಲೂ ಹಾಗೇ ಇದೆ: "ಹೂಂ ಅಂದೆ."

ಅದಿರಿನ ಲಾರಿಗಳು ಬಿಡುವಿಲ್ಲದೆ ಹೊಸಪೇಟೆಯನ್ನು ಹಾದು ಹೋಗುತ್ತಿದ್ದ ವರ್ಷಗಳವು. ಅಣ್ಣನಿಗೆ ಲಾರಿ ಬಾಡಿ ಕಟ್ಟುವ ಶೆಡ್ಡಿತ್ತು, ಜೊತೆಗೆ ತನ್ನವೇ ಎರಡು ಟಿಪ್ಪರ್. ನಾನು ಕಾಲೇಜಿನಲ್ಲಿ ಪಾಠ ಮಾಡುತ್ತ ಅಪ್ಪನ ಮನೆಯಲ್ಲಿ ಒಬ್ಬಳೇ ಇದ್ದೆ. ಅಪ್ಪ ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುತ್ತಿದ್ದಾಗ ಕೊಂಡ ಎರಡು ಬಾಗಿಲಿನ ಕಾರು ಹಿತ್ತಲಿನಲ್ಲಿ ನಿಂತಿತ್ತು. ನನಗೆ ಗಾಡಿ ಓಡಿಸಲು ಅವರು ಕಲಿಸಿದ್ದು ಅದರಲ್ಲೇ. ತೀರಿಕೊಳ್ಳುವ ಮುಂಚೆ ಅದನ್ನು ನನ್ನ ಹೆಸರಿಗೆ ಮಾಡಿಸಿದ್ದರು.

ಒಂದು ದಿನ ಅಣ್ಣ ಹಳೆಯ ಪತ್ರಿಕೆಯ ಹಾಳೆಯೊಂದನ್ನು ಹಿಡಿದು ಬಂದ. ಹಿಂದಿನ ಕಾಲದ ರೇಸ್ ಕಾರಿನ ಚಿತ್ರ. ಟಾಪಿಲ್ಲ, ಉದ್ದ ಬಾನೆಟ್ಟು, ಅದನ್ನು ಬಿಗಿದ ಚರ್ಮದ ಬೆಲ್ಟು, ಹಿಂಭಾಗ ಮೀನಿನಂತೆ ಚೂಪು, ಒಬ್ಬರಿಗೇ ಸೀಟು.

"ನಮ್ಮದನ್ನ ಹಿಂಗ ಮಾಡೂಣು. ನೀ ಹೊಡ್ಕೊಂಡು ಹಂಪಿ ರೋಡಿನಾಗ ಹೋದಿ ಅಂದ್ರ ಮಂದಿ ನಿಂತು ನೋಡಬೇಕು."

"ಟಾಪ್ ಕತ್ತರಿಸಿದ್ರ ಅಪ್ಪನ ಕಾರು ಎಲ್ಲಿ ಉಳೀತು?"

"ಈಗೇನು ಉಳದೈತಿ? ಬೆಕ್ಕಿನ ಬಾಣಂತನದ ಮನಿ ಆಗೇತಿ!"

ಆ ಮಾತಿಗೆ ನಕ್ಕೆ, ಆದರೆ ಒಪ್ಪಲಿಲ್ಲ. ಅವನೂ ಬಿಡಲಿಲ್ಲ. ಹೀಗೆ ಕೆಲವು ತಿಂಗಳು ನಡೆಯಿತು.

ಸಂಕ್ರಾಂತಿಯ ಮರುದಿನ ಟೇಪು ಹಿಡಿದು ಬಂದ. ಇಂಥ ಕಾರಿನಲ್ಲಿ ಸೀಟು ಹಿಂದೆ ಮುಂದೆ ಸರಿಯುವುದಿಲ್ಲ, ಓಡಿಸುವವರ ಕಾಲಿನ ಅಳತೆಗೇ ಬೋಲ್ಟು ಬಿಗಿಯಬೇಕು ಎಂದ. ನಾನು ಅಡುಗೆಮನೆಯ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕಾಲು ಚಾಚಿ ಕೂತೆ. ಹಿಮ್ಮಡಿ ಬರುವ ಕಡೆ ಸೀಮೆಸುಣ್ಣದಲ್ಲಿ ಗೆರೆ ಎಳೆದ.

"ದರ್ಜಿ ಯಾವಾಗ ಆದ್ಯೋ ಅಣ್ಣಾ?"

"ಸುಮ್ಮನ ಕುಂದ್ರಲೇ ಗಿಡ್ಡಿ. ನಾಕು ಬೆರಳು ಹೆಚ್ಚುಕಮ್ಮಿ ಆದ್ರ ಬ್ರೇಕ್ ಸಿಗಂಗಿಲ್ಲ."

ಆ ವಾರವೇ ನಾನು ಹೂಂ ಅಂದದ್ದು. ನನ್ನ ಕಾಲಿಗೆ ಅಂತ ಒಂದು ಕಾರನ್ನು ಯಾರೋ ಅಳೆಯುತ್ತಿದ್ದಾರೆ ಎಂಬುದು ನನ್ನನ್ನು ಅಷ್ಟು ಮೆತ್ತಗೆ ಮಾಡಿತ್ತು.

ಟಾಪು ಕೆಳಗಿಳಿದ ದಿನ ನಾನು ಕಾಲೇಜಿಗೆ ಹೋದೆ, ನೋಡಲಾರದೆ. ಆಮೇಲೆ ಕೆಲಸದಲ್ಲಿ ನಾನೂ ಸೇರಿಕೊಂಡೆ. ಕೆಲಸವೆಲ್ಲ ನಮ್ಮ ಹಿತ್ತಲಿನಲ್ಲೇ; ಅಣ್ಣ ತನ್ನ ಸಾಮಾನು ಮನೆಯೊಳಗೇ ಇಟ್ಟು, ಹಿತ್ತಲ ಬಾಗಿಲಿನ ಕೀಲಿ ತನ್ನ ಗೊಂಚಲಲ್ಲಿ ಇಟ್ಟುಕೊಂಡು ಬೇಕಾದಾಗ ಬಂದು ಹೋಗುತ್ತಿದ್ದ. ಹಿಂಭಾಗದ ತಗಡನ್ನು ಬಡಿದು ದುಂಡಗೆ ಮಾಡಲು, ಬೆಲ್ಲ ಕಾಯಿಸುವ ದೊಡ್ಡ ಬಾಣಲೆ ಮಾಡುವವನೊಬ್ಬನನ್ನು ಅಣ್ಣ ಕಂಪ್ಲಿಯಿಂದ ಕರೆತಂದ. ಅಂಥ ಕೈ ಶೆಡ್ಡಿನಲ್ಲಿ ಯಾರಿಗೂ ಇರಲಿಲ್ಲ. ಬಣ್ಣ ಹೊಡೆಯುವಾಗ ಅದಿರಿನ ಧೂಳು ಕೂರಬಾರದೆಂದು ಅವ್ವನ ಹಳೆಯ ಸೀರೆಗಳನ್ನು ನೀರಲ್ಲಿ ಅದ್ದಿ ಸುತ್ತ ಕಟ್ಟಿದೆವು. ಮಧ್ಯಾಹ್ನದ ಹೊತ್ತಿಗೆ ಸೀರೆಗಳೆಲ್ಲ ಕೆಂಪು. ಒಳಗೆ ಕಾರು ಹಸಿರಾಗಿಯೇ ಇತ್ತು. ಅಷ್ಟು ಸಂತೋಷ ನನಗೆ ಎಂ.ಎ. ಮುಗಿಸಿದಾಗಲೂ ಆಗಿರಲಿಲ್ಲ ಎಂದು ಬರೆದಿದ್ದೇನೆ. ಉತ್ಪ್ರೇಕ್ಷೆ ಇರಬಹುದು.

ಸೀಟು ಬಿಗಿದ ದಿನ ಹತ್ತಿ ಕೂತೆ. ಕ್ಲಚ್ಚಿಗೆ ಕಾಲು ಚಾಚಿದರೆ ಬೆರಳ ತುದಿ ಮಾತ್ರ ತಾಗಿತು. ಸೊಂಟದ ಎರಡೂ ಪಕ್ಕ ಒಂದೊಂದು ದಿಂಬು ಹಿಡಿಸುವಷ್ಟು ಜಾಗ.

"ಅಳತಿ ತಪ್ಪೇತಲ್ಲೋ ಅಣ್ಣಾ."

ಅವನು ಬೋಲ್ಟು ಬಿಗಿದ ಪಾನಾ ಒರೆಸುತ್ತ ನಿಂತ. "ತಪ್ಪಿಲ್ಲ," ಎಂದ. ಪಾನಾ ಕೆಳಗಿಟ್ಟು, "ಸಂಡೂರು ಕಡೆ ಗಣಿ ಧಣಿಗೆ ಈ ಕಾರು ಬೇಕಾಗೇತಿ. ಅವರು ಹೂಂ ಅಂದ್ರನ ನನ್ನ ಗಾಡಿ ಗಣಿಯೊಳಗ ಲೋಡಿಗೆ ನಿಲ್ಲತಾವ. ಇಲ್ಲಂದ್ರ ಎರಡೂ ಟಿಪ್ಪರ್ ಶೆಡ್ಡಿನಾಗ ಕುಂದ್ರತಾವ. ಸಹಿ ನಿಂದು ಬೇಕು."

"ನನಗ ಯಾವಾಗ ಹೇಳೋನಿದ್ದಿ?"

"ಈಗ ಹೇಳಾಕತ್ತೀನಲ್ಲ."

ಎರಡು ದಿನ ಕಾರಿನ ಹತ್ತಿರ ಹೋಗಲಿಲ್ಲ. ಮೂರನೆಯ ದಿನ ಕಾರಿನ ವರ್ಗಾವಣೆ ಅರ್ಜಿಗೆ ಸಹಿ ಹಾಕಿದೆ. ಕೆಲಸ ನಡೆಯುತ್ತಿದ್ದಾಗ ಧಣಿ ಎಲ್ಲೋ ನೋಡಿರಬೇಕು, ಅಣ್ಣನ ಮನಸ್ಸು ಜಾರಿರಬೇಕು ಎಂದು ನಾನೇ ಒಂದು ಕತೆ ಹೊಂದಿಸಿಕೊಂಡಿದ್ದೆ. ಆ ಕತೆಯಲ್ಲಿ ಕಾರು ಮೊದಲು ನನಗೆ ಅಂತಲೇ ಇತ್ತು. ಅಷ್ಟಿದ್ದರೆ ಕ್ಷಮಿಸಬಹುದು ಅನ್ನಿಸಿತ್ತು.

ಯುಗಾದಿ ಕಳೆದ ಮೇಲೆ ಕಾರು ಒಯ್ಯಲು ಧಣಿ ಸ್ವತಃ ಬಂದರು. ಎತ್ತರದ, ಮೈತುಂಬಿದ, ಸೌಮ್ಯ ಮಾತಿನ ಮನುಷ್ಯ. ಚಪ್ಪಲಿ ಬಿಟ್ಟು ಕಾರಿನೊಳಗೆ ಇಳಿದರು. ಸೀಟು ಅವರನ್ನು ಹಿಡಿದುಕೊಂಡ ರೀತಿ ನೋಡಿ ನಾನು ಬೇರೆ ಕಡೆ ತಿರುಗಿದೆ.

"ಮೇಡಂ, ನಿಮ್ಮ ಅಣ್ಣಾರ ಕೈ ಭಾಳ ಛಲೋ ಐತ್ರಿ," ಎಂದರು. "ದೀಪಾವಳಿ ಲಕ್ಷ್ಮೀ ಪೂಜಿ ದಿನ ಆಫೀಸಿನಾಗ ನನ್ನ ನೆಲದ ಮ್ಯಾಲೆ ಕುಂದ್ರಿಸಿ ಅಳತಿ ತಗೊಂಡ್ರು ನೋಡ್ರಿ. ನಮ್ಮ ಮಂದಿ ಎಲ್ಲಾ ನಕ್ಕಿದ್ದ ನಕ್ಕಿದ್ದು. ಒಂದು ಬೆರಳು ತಪ್ಪಿಲ್ಲ!"

ಕಾರು ಹೋದ ಮೇಲೆ ಡೈರಿ ತೆಗೆದೆ. ನನ್ನ ಅಳತೆ ಸಂಕ್ರಾಂತಿಯ ಮರುದಿನದ್ದು. ದೀಪಾವಳಿ ಅದಕ್ಕಿಂತ ತಿಂಗಳುಗಳ ಹಿಂದೆ. ಹಾಗಾದರೆ ಅಡುಗೆಮನೆಯಲ್ಲಿ ಮಂಡಿಯೂರಿ ಗೆರೆ ಎಳೆಯುವಾಗಲೇ ಅವನ ಜೇಬಿನಲ್ಲಿ ಬೇರೆಯವರ ಕಾಲಿನ ಅಳತೆ ಇತ್ತು. ಆದರೆ ನಾನು ಹಾಗೆ ತಕ್ಷಣ ನಂಬುವವಳಲ್ಲ. ಧಣಿಗೆ ಹಬ್ಬ ತಪ್ಪಿರಬಹುದು. ಯುಗಾದಿಯನ್ನೇ ದೀಪಾವಳಿ ಎಂದಿರಬಹುದು.

ಸಂಜೆ ಅಣ್ಣ ಬಂದಾಗ ಕೇಳಿದೆ. "ಧಣಿ ಅಳತಿ ದೀಪಾವಳಿಗೇ ತಗೊಂಡಿದ್ದೇನು?"

"ಹೂಂ."

"ಮತ್ತ ನನ್ನ ಅಳತಿ ಯಾಕ ತಗೊಂಡಿ?"

"ಇಲ್ಲಂದ್ರ ನೀ ಕತ್ತರ್ಸಾಕ ಬಿಡ್ತಿದ್ದಿಲ್ಲ." ಆಮೇಲೆ ದನಿ ತಗ್ಗಿಸಿದ. "ಆದ್ರ ಆವತ್ತು ನೀ ಎಷ್ಟು ನಕ್ಕಿ. ನಾನೂ ನಕ್ಕೆ. ಅದು ಸುಳ್ಳೇನು?"

ಧಣಿಗೆ ಮರೆವು ಎಂದು ಅವನು ಒಂದು ಮಾತು ಹೇಳಿದ್ದರೆ ಸಾಕಿತ್ತು. ನೆನಪು ಎಷ್ಟು ಮೋಸ ಮಾಡುತ್ತದೆ ಎಂದು ನನಗಿಂತ ಚೆನ್ನಾಗಿ ಬಲ್ಲವರಾರು? ನಂಬಿಬಿಡುತ್ತಿದ್ದೆ. ಅಷ್ಟು ಸುಳ್ಳು ಹೇಳಿದವನು ಈ ಒಂದನ್ನು ಹೇಳಲಿಲ್ಲ.

"ಹಿತ್ತಲ ಬಾಗಿಲದ ಕೀಲಿ ಕೊಡು," ಎಂದೆ.

"ಯಾಕಲೇ ತಂಗಿ? ನನ್ನ ಸಾಮಾನೆಲ್ಲ ಒಳಗ ಅದಾವು."

"ನಾ ಮನಿಯಾಗ ಇದ್ದಾಗ ಬಾ. ಕೇಳಿ ತಗೊಂಡು ಹೋಗು."

ಅವನು ಕೀಲಿಗೊಂಚಲು ತೆಗೆದ. ಬಿಗಿಯಾದ ಉಂಗುರದಿಂದ ಆ ಒಂದು ಕೀಲಿಯನ್ನು ಉಗುರಿನಿಂದ ಬಿಡಿಸಲು ಬಹಳ ಹೊತ್ತು ಹೆಣಗಿದ. ನಾನು ಸಹಾಯಕ್ಕೆ ಹೋಗದೆ ಕೈಯೊಡ್ಡಿಕೊಂಡೇ ನಿಂತಿದ್ದೆ.